ಅವ್ವನ ಫೋನಿನಲ್ಲಿ ಚಿಕ್ಕವ್ವನ ದನಿ

ನನ್ನ ಅವ್ವ ಮತ್ತು ಅವಳ ಒಡಹುಟ್ಟಿದ ತಂಗಿ ಹನ್ನೆರಡು ವರ್ಷ ಮಾತನಾಡಲಿಲ್ಲ. ಇಬ್ಬರ ಮನೆಯೂ ಕೇರಳದ ಗಡಿಯ ತೋಲ್ಪೆಟ್ಟಿಯಲ್ಲಿ, ಒಂದೇ ರಸ್ತೆಯಲ್ಲಿ, ನಡುವೆ ಒಂದು ತಿರುವು. ನಮ್ಮ ಅಂಗಳದಲ್ಲಿ ನಿಂತು ಯಾರಾದರೂ ಗಟ್ಟಿಯಾಗಿ ಕೂಗಿದರೆ ಚಿಕ್ಕವ್ವನ ಮನೆಯ ನಾಯಿ ಬೊಗಳುತ್ತಿತ್ತು. ಅಷ್ಟು ಹತ್ತಿರ.

ಇಬ್ಬರೂ ಹೆಗ್ಗಡದೇವನಕೋಟೆ ಕಡೆಯಿಂದ ಮದುವೆಯಾಗಿ ಬಂದವರು. ಅಪ್ಪ ಮೊದಲು ಬಂದು ಇಲ್ಲಿ ಚಹಾದಂಗಡಿ ಇಟ್ಟಿದ್ದ. ಕಾಳುಮೆಣಸು ಕೊಂಡು ಮಾರುತ್ತಿದ್ದ ತನ್ನ ಗೆಳೆಯನೊಬ್ಬನಿಗೆ ಅವ್ವನ ತಂಗಿಯನ್ನು ತಾನೇ ನಿಂತು ಮದುವೆ ಮಾಡಿಸಿದ. ಮಲಯಾಳದ ನಾಡಿನಲ್ಲಿ ಅವ್ವನಿಗೆ ಅವಳದೇ ಮಾತಾಡುವ ಒಂದು ಜೀವ ಜೊತೆಗಿರಲಿ ಅಂತ. ಹಾಗೇ ಆಯಿತು. ನಾನು ಬೆಳೆಯುವಾಗ ಇವರಿಬ್ಬರ ಮಾತು ನಿಂತದ್ದನ್ನೇ ಕಂಡಿರಲಿಲ್ಲ. ಸೊಪ್ಪು ಬಿಡಿಸುವಾಗ ಮಾತು, ನೀರು ತರುವಾಗ ಮಾತು, ರಸ್ತೆಯ ತಿರುವಿನಲ್ಲಿ ಬೀಳ್ಕೊಂಡ ಮೇಲೂ ಮರೆಯಿಂದ ಮಾತು.

ನನಗೆ ಹದಿನೈದು ತುಂಬಿದ ಮೇಲೆ ತಂಗಿ ಹುಟ್ಟಿದಳು. ಮತ್ತೆ ಮಕ್ಕಳಾಗಲಾರವು ಎಂದುಕೊಂಡಿದ್ದ ಅವ್ವನಿಗೆ ಅವಳು ಬೇಡದೆ ಸಿಕ್ಕ ವರ. ಎಲ್ಲರೂ ಪಾಪು ಎಂದೇ ಕರೆಯುತ್ತಿದ್ದೆವು. ಪಾಪುವಿಗೆ ನಾಲ್ಕು ವರ್ಷವಾಗಿದ್ದಾಗ ಒಂದು ದಿನ ಅಪ್ಪನ ಹಲ್ಲು ಕೀಳಿಸಲು ಅವ್ವ ಅವನ ಜೊತೆ ಮಾನಂತವಾಡಿಗೆ ಹೋದಳು. ಮಗುವನ್ನು ಚಿಕ್ಕವ್ವನ ಬಳಿ ಬಿಟ್ಟಿದ್ದಳು. ಮಧ್ಯಾಹ್ನ ಇದ್ದಕ್ಕಿದ್ದಂತೆ ಮಳೆ ಬಂತು. ಚಿಕ್ಕವ್ವ ಅಂಗಳದಲ್ಲಿ ಒಣಗಲು ಹಾಕಿದ್ದ ಮೆಣಸನ್ನು ಬಾಚಿ ಒಳಗೆ ಹಾಕಲು ಓಡಿದಳು. ಮೆಣಸೆಲ್ಲ ಒಳಗೆ ಬಂದ ಮೇಲೆ ನೋಡಿದರೆ ಮಗು ಇರಲಿಲ್ಲ. ಮನೆಯ ಹಿಂದೆ, ತೋಟಕ್ಕೆ ನೀರು ಹಾಯಿಸಲು ತೋಡಿದ್ದ ಹೊಂಡದಲ್ಲಿ, ಇಲ್ಲಿನ ಮಾತಿನಲ್ಲಿ ಕುಳದಲ್ಲಿ, ಸಿಕ್ಕಿತು.

ನಾನಾಗ ಟೆಲಿಫೋನಿನವರ ಜೊತೆ ದಿನಗೂಲಿಗೆ ಕೇಬಲ್ ಹೂಳುವ ಚರಂಡಿ ತೋಡುತ್ತಿದ್ದೆ. ಜೀಪಿನಲ್ಲಿ ಬಂದವರು ಯಾರೋ ಹೇಳಿ ಕರೆದುಕೊಂಡು ಹೋದರು. ನಾನು ತಲುಪಿದಾಗ ಚಿಕ್ಕವ್ವ ಒದ್ದೆ ಸೀರೆಯಲ್ಲೇ ಮಗುವನ್ನು ಮಡಿಲಲ್ಲಿಟ್ಟುಕೊಂಡು ಕೂತಿದ್ದಳು. ಯಾರಿಗೂ ಕೊಡುತ್ತಿರಲಿಲ್ಲ. ಅವ್ವ ಬಸ್ಸಿಳಿದು ಬಂದಳು. ಅಪ್ಪನ ಬಾಯಲ್ಲಿ ಇನ್ನೂ ಹತ್ತಿ ಇತ್ತು. ಅವ್ವ ಅಳಲಿಲ್ಲ. ತಂಗಿಯ ಮುಂದೆ ನಿಂತು ಕೇಳಿದಳು.

"ನಿನ್ನ ಮಗಳಾಗಿದ್ರೆ ಹಿಂಗೆ ಬುಟ್ಬುಟ್ಟು ಹೋಯ್ತಿದ್ದಾ?"

ಅದೇ ಕೊನೆಯ ಮಾತು. ಚಿಕ್ಕವ್ವ ಬಹಳ ಸಲ ನಮ್ಮ ಮನೆ ಬಾಗಿಲಿಗೆ ಬಂದಳು. ಅವ್ವ ಎದ್ದು ಒಳಕೋಣೆಗೆ ಹೋಗಿ ಬಾಗಿಲು ಹಾಕಿಕೊಳ್ಳುತ್ತಿದ್ದಳು. ಒಂದು ವರ್ಷ ಬಂದಳು, ಆಮೇಲೆ ಬರುವುದನ್ನು ಬಿಟ್ಟಳು. ಅಪ್ಪ ಸತ್ತಾಗ ಬಂದು ಜನರ ಹಿಂದೆ ನಿಂತು ಹೋದಳು. ನಾನು ಮಾತ್ರ ಆ ಮನೆಗೂ ಈ ಮನೆಗೂ ಓಡಾಡಿಕೊಂಡಿದ್ದೆ. ಅಲ್ಲಿ ಊಟ ಮಾಡಿ ಬಂದರೆ ಅವ್ವ ಏನೂ ಅನ್ನುತ್ತಿರಲಿಲ್ಲ. ಏನು ಅಡುಗೆ ಎಂದೂ ಕೇಳುತ್ತಿರಲಿಲ್ಲ.

ಚರಂಡಿ ತೋಡುವ ಕೆಲಸದಿಂದ ನಾನು ಕೇಬಲ್ ಜೋಡಿಸುವ ಕೆಲಸಕ್ಕೆ ಬಡ್ತಿ ಪಡೆದೆ. ಕಲಿಸಿದವರು ವೆಳ್ಳಮುಂಡದ ಒಬ್ಬ ಹಿರಿಯರು. ಎಲ್ಲರೂ ಅವರನ್ನು ಆಶಾನ್ ಎನ್ನುತ್ತಿದ್ದರು, ಗುರು ಎಂಬಂತೆ. ಗುಂಡಿಯೊಳಗೆ ಗೋಣಿಚೀಲ ಹಾಸಿ ಕೂತು, ಕನ್ನಡಕವನ್ನು ಹಣೆಗೇರಿಸಿ, ತಂತಿಗಳನ್ನು ಬೆರಳಿನಿಂದಲೇ ಎಣಿಸುತ್ತಿದ್ದರು.

ಪ್ರತಿ ಮನೆಯ ಫೋನಿಗೂ ಎರಡು ತಂತಿ. ಕೇಬಲ್ಲಿನೊಳಗೆ ಆ ಎರಡನ್ನೂ ಒಂದಕ್ಕೊಂದು ಸುತ್ತಿ ಹೆಣೆದಿರುತ್ತಾರೆ. ಒಂದು ಬಣ್ಣದ್ದು, ಒಂದು ಬಿಳಿ. ನೀಲಿಗೊಂದು ಬಿಳಿ, ಕಿತ್ತಳೆಗೊಂದು ಬಿಳಿ, ಹಸಿರಿಗೊಂದು ಬಿಳಿ. ಆಶಾನ್ ಅದನ್ನು ಇಣ ಎನ್ನುತ್ತಿದ್ದರು. ಹಕ್ಕಿಗೆ ಜೊತೆ ಹಕ್ಕಿ ಇರುತ್ತದಲ್ಲ, ಅದಕ್ಕೆ ಮಲಯಾಳದಲ್ಲಿ ಹೇಳುವ ಮಾತು ಅದು. ಪಕ್ಕದ ಮನೆಯ ಮಾತು ಸೋರಿ ಬಂದರೆ ಹೆಣೆದ ಎರಡೂ ತಂತಿಗೆ ಒಂದೇ ಸಮ ತಾಗುತ್ತದೆ. ಎರಡೂ ಕಡೆ ಸಮ ಇದ್ದದ್ದರಿಂದ ಕಿವಿಗೆ ಬರುವ ಹೊತ್ತಿಗೆ ಅದು ತಾನೇ ಕಳೆದುಹೋಗುತ್ತದೆ. ಆದರೆ ಜೋಡಿಸುವಾಗ ಹೆಣಿಗೆ ಬಿಚ್ಚಿಕೊಂಡರೆ ಎಲ್ಲ ಬಿಳಿಯೂ ಒಂದೇ ಥರ. ಒಬ್ಬರ ನೀಲಿಗೆ ಇನ್ನೊಬ್ಬರ ಬಿಳಿ ಸೇರಿತೆಂದರೆ ಒಂದು ಮನೆಯ ಮಾತು ಇನ್ನೊಂದು ಮನೆಯಲ್ಲಿ ಕೇಳತೊಡಗುತ್ತದೆ. ಕ್ರಾಸ್ ಟಾಕ್. ಗಂಟೆ ಬಾರಿಸುತ್ತದೆ, ಮೀಟರ್ ಹಿಡಿದರೆ ಎಲ್ಲ ಸರಿ ಎನ್ನುತ್ತದೆ. ಕಿವಿಗೆ ಮಾತ್ರ ಗೊತ್ತಾಗುತ್ತದೆ.

"ಮೋನೆ, ಮಗನೇ, ಬಿಳಿಯನ್ನು ಕೈಬಿಡಬೇಡ. ಬಣ್ಣದ್ದು ತಾನಾಗಿ ಸಿಗುತ್ತದೆ," ಎಂದು ಆಶಾನ್ ತಮ್ಮ ಮಲಯಾಳದಲ್ಲಿ ಹೇಳುತ್ತಿದ್ದರು. ಕೆಲಸ ಮುಗಿದ ಮೇಲೆ ಒಂದು ಫೋನಿನಲ್ಲಿ ಮಾತಾಡುತ್ತ ಪಕ್ಕದ ಲೈನಿನಲ್ಲಿ ಕಿವಿಯಿಟ್ಟು ಕೇಳುವವರೆಗೂ ಅವರು ಜಾಯಿಂಟ್ ಮುಚ್ಚಿದ್ದನ್ನು ನಾನು ನೋಡಲಿಲ್ಲ.

ಅವರು ನಿವೃತ್ತರಾದ ಮೇಲೆ ಕುಟ್ಟದ ಗಡಿಯವರೆಗಿನ ಕೇಬಲ್ ನನ್ನ ಪಾಲಿಗೆ ಬಂತು. ಕಾಡಂಚಿಗೆ ಮೊಬೈಲು ಇನ್ನೂ ಬಂದಿರಲಿಲ್ಲ. ಹಾಗಾಗಿ ಒಂದು ಫೋನು ಸತ್ತರೂ ಜನ ನನ್ನನ್ನು ದಾರಿಯಲ್ಲಿ ತಡೆದು ಕೇಳುತ್ತಿದ್ದರು. ಕೆಲಸದವನೆಂದು ನಮ್ಮ ಮನೆಗೂ ಒಂದು ಫೋನು ಕೊಟ್ಟರು. ಚಿಕ್ಕಪ್ಪನೂ ಮಗಳಿಗಾಗಿ ಒಂದು ಹಾಕಿಸಿಕೊಂಡ. ಚಿಕ್ಕವ್ವನ ಒಬ್ಬಳೇ ಮಗಳು ಕಲ್ಲಿಕೋಟೆಯ ಆಸ್ಪತ್ರೆಯೊಂದರಲ್ಲಿ ನರ್ಸ್ ಆಗಿದ್ದಳು. ಸಂಜೆ ಡ್ಯೂಟಿಗೆ ಹೋಗುವ ಮುಂಚೆ, ಮೂರು ಗಂಟೆಯ ಸುಮಾರಿಗೆ, ಹಾಸ್ಟೆಲಿನಿಂದ ಅಮ್ಮನಿಗೆ ಫೋನ್ ಮಾಡುತ್ತಿದ್ದಳು.

ಒಂದು ಮಳೆಗಾಲದಲ್ಲಿ ರಸ್ತೆ ಅಗಲ ಮಾಡುತ್ತಿದ್ದ ಜೆಸಿಬಿ ನಮ್ಮ ಕೇಬಲ್ಲನ್ನು ಹರಿದು ಹಾಕಿತು. ನಾನೂ ಕಾಡಿನ ಜನರ ಹಾಡಿಯಿಂದ ಬಂದ ಕೆಲಸದಾತನೂ ಟಾರ್ಪಾಲು ಕಟ್ಟಿ ಗುಂಡಿಯಲ್ಲಿ ಕೂತೆವು. ಹರಿದ ತುದಿಯಲ್ಲಿ ತಂತಿಗಳ ಹೆಣಿಗೆ ಬಿಚ್ಚಿಹೋಗಿ ಕೆದರಿದ ಕೂದಲಿನಂತಾಗಿತ್ತು. ಕೆಸರು ನೀರು ಒಳಗೆ ಇಳಿಯುತ್ತಿತ್ತು. ಸಾಯಂಕಾಲವಾಗುತ್ತ ಬಂದಾಗ ಮೇಲಿನ ಬಿದಿರು ಮೆಳೆಯಲ್ಲಿ ಮುರಿಯುವ ಸದ್ದು ಶುರುವಾಯಿತು.

"ಸಾರೇ, ಅವು ಇಳಿಯೋ ಹೊತ್ತು. ಎದ್ದೇಳಿ," ಎಂದ ಕೆಲಸದಾತ. ಅವನು ಆನೆಯ ವಿಷಯದಲ್ಲಿ ಎರಡು ಸಲ ಹೇಳುವವನಲ್ಲ.

ಉಳಿದದ್ದು ಎರಡೇ ಎರಡು ಜೋಡಿ. ಎರಡು ಬಿಳಿ ತಂತಿ ನನ್ನ ಬೆರಳಲ್ಲಿದ್ದವು, ಯಾವುದು ಯಾವುದರದ್ದೆಂದು ಖಾತ್ರಿ ಇರಲಿಲ್ಲ. ಹೊಂದಿಸಿದೆ, ಗಂಟೆ ಬಾರಿಸಿ ನೋಡಿದೆ, ಬಾರಿಸಿತು. ಮುಚ್ಚಿ ಮಣ್ಣೆಳೆದು ಓಡಿದೆವು. ಆಶಾನ್ ಹೇಳಿದಂತೆ ಕಿವಿಯಿಟ್ಟು ಕೇಳಲಿಲ್ಲ. ನಾಳೆ ನೋಡಿದರಾಯಿತು ಎಂದುಕೊಂಡೆ. ನಾಳೆ ಬೇರೆ ಕಡೆ ಕೆಲಸ ಬಂತು.

ಎರಡು ತಿಂಗಳ ನಂತರ ನನ್ನ ಹೆಂಡತಿ ಹೇಳಿದಳು, "ಅತ್ತೆ ದಿನಾ ಮಧ್ಯಾಹ್ನ ಫೋನ್ ಹಿಡ್ಕೊಂಡು ಕೂತ್ಕೊಳ್ತಾರೆ. ಮಾತಾಡಲ್ಲ. ಸುಮ್ನೆ ಕಿವೀಲಿ ಇಟ್ಕೊಂಡಿರ್ತಾರೆ."

"ಯಾರಿಗಾದ್ರೂ ಮಾಡಿರ್ತಾಳೆ."

"ನಂಬರ್ ಒತ್ತಿದ್ದನ್ನೇ ನೋಡಿಲ್ಲ ರೀ. ಅರ್ಧ ಗಂಟೆ ಹಂಗೇ. ಮೊನ್ನೆ ನಕ್ಕರು."

ಅವ್ವ ನಕ್ಕಳು ಎಂಬುದೇ ನನಗೆ ವಿಚಿತ್ರವಾಗಿ ಕೇಳಿಸಿತು. ಮರುದಿನ ಮಧ್ಯಾಹ್ನ ಊಟದ ನೆಪದಲ್ಲಿ ಮನೆಗೆ ಬಂದು ಅಡುಗೆಮನೆಯಲ್ಲಿ ಕೂತೆ. ಮೂರಕ್ಕೆ ಅವ್ವ ಸೆರಗಿನಿಂದ ಕೈ ಒರೆಸಿಕೊಂಡು ಬಂದು ರಿಸೀವರ್ ಎತ್ತಿದಳು. ಡಯಲ್ ಟೋನ್ ಮುಗಿಯುವವರೆಗೆ ಕಾದಳು. ಆಮೇಲೆ ಬರುವ ಕೀಂ ಕೀಂ ಸದ್ದಿಗೆ ರಿಸೀವರನ್ನು ಕಿವಿಯಿಂದ ದೂರ ಹಿಡಿದಳು. ಅದೂ ನಿಂತ ಮೇಲೆ ಮತ್ತೆ ಕಿವಿಗಿಟ್ಟುಕೊಂಡು ಗೋಡೆಗೊರಗಿ ಕೂತಳು. ಇಷ್ಟೆಲ್ಲ ಕಾದರೆ ಲೈನ್ ಮೌನವಾಗುತ್ತದೆ ಎಂಬುದನ್ನು ಅವಳು ತಾನೇ ಕಂಡುಕೊಂಡಿದ್ದಳು. ಶಾಲೆಗೆ ಹೋಗದ ನನ್ನ ಅವ್ವ.

ಹೊರಗೆ ಕೋಳಿಗಳ ಗಲಾಟೆಯಾಗಿ ಅವಳು ರಿಸೀವರನ್ನು ಪಕ್ಕದಲ್ಲಿಟ್ಟು ಎದ್ದು ಹೋದಾಗ ನಾನು ಬಂದು ಅದನ್ನು ಕಿವಿಗಿಟ್ಟುಕೊಂಡೆ. ದೂರದಲ್ಲಿ, ನೀರಿನೊಳಗಿಂದ ಬಂದಂತೆ, ಚಿಕ್ಕವ್ವನ ದನಿ. ಹಲಸಿನ ಬೀಜದ ಸಾರು ಮಾಡಿದ್ದನ್ನು ಹೇಳುತ್ತಿದ್ದಳು. ಉಪ್ಪು ಹೆಚ್ಚಾಯಿತಂತೆ. ಹಸು ಮತ್ತೆ ಒದ್ದಿತಂತೆ. ಮಗಳ ಮಾತು ಕೇಳಿಸುತ್ತಿರಲಿಲ್ಲ, ಅಥವಾ ಅಷ್ಟು ಸಣ್ಣಗೆ ಕೇಳಿಸುತ್ತಿತ್ತು. ಆಮೇಲೆ ಚಿಕ್ಕವ್ವ ಹೇಳಿದಳು, "ನಾಳಿದ್ದು ಪಾಪು ದಿನ. ಹಾಲುಬಾಯಿ ಮಾಡ್ತೀನಿ. ಅದಕ್ಕೆ ಅಷ್ಟು ಆಸೆ ಅಲ್ವಾ? ವರ್ಷಾನೂ ಕುಳದ ಹತ್ರ ಇಟ್ಟು ಬತ್ತೀನಿ."

ನಾನು ರಿಸೀವರನ್ನು ಇದ್ದ ಹಾಗೇ ಇಟ್ಟು ಹಿಂದಿನ ಬಾಗಿಲಿನಿಂದ ಹೊರಬಿದ್ದೆ. ನೀಲಿಯ ಬಿಳಿ ಕಿತ್ತಳೆಗೆ ಹೋಗಿತ್ತು. ಆ ಸಂಜೆ ಗುಂಡಿಯಲ್ಲಿ ನನ್ನ ಕೈಯಲ್ಲಿ ಉಳಿದಿದ್ದ ಎರಡು ಜೋಡಿ ನಮ್ಮದು ಮತ್ತು ಅವರದು.

ಅವತ್ತು ಸಂಜೆ ಅವ್ವನನ್ನು ಕೇಳಿದೆ, "ಅವ್ವ, ನಮ್ಮ ಫೋನಲ್ಲಿ ಬೇರೆಯವರ ಮಾತು ಬತ್ತದಾ?"

ಅವಳು ಅಕ್ಕಿ ಆರಿಸುತ್ತಿದ್ದಳು. ತಲೆಯೆತ್ತಲಿಲ್ಲ. "ಇಲ್ಲ ಕಣಪ್ಪ. ಚೆನ್ನಾಗೇ ಅದೆ."

ಅಲ್ಲಿಗೇ ಬಿಡಬಹುದಿತ್ತು. ಬಿಟ್ಟೂ ಇದ್ದೆ, ಒಂದು ಹದಿನೈದು ದಿನ. ಆಮೇಲೆ ಎಕ್ಸ್‌ಚೇಂಜಿನ ದೂರಿನ ಪುಸ್ತಕದಲ್ಲಿ ಚಿಕ್ಕಪ್ಪನ ಮನೆಯ ನಂಬರ್ ಬಂತು. ಮಾತಾಡುವಾಗ ಯಾರೋ ಕೆಮ್ಮುತ್ತಾರೆ, ಕೋಳಿ ಕೂಗುತ್ತದೆ, ಯಾರೋ ಕದ್ದು ಕೇಳುತ್ತಿದ್ದಾರೆಂದು ಮಗಳು ಹೆದರಿದ್ದಾಳೆ ಎಂದು ಚಿಕ್ಕಪ್ಪ ಬರೆಸಿದ್ದ. ಎಂಜಿನಿಯರು ಚೀಟಿಯನ್ನು ನನ್ನ ಕೈಗಿತ್ತು, "ಆ ಜಾಯಿಂಟ್ ಯಾರು ಮಾಡಿದ್ದು?" ಎಂದು ಮಲಯಾಳದಲ್ಲಿ ಕೇಳಿದರು. ನಾನೇ ಎಂದೆ. ಅವರು ನನ್ನನ್ನು ಒಮ್ಮೆ ಮೇಲಿನಿಂದ ಕೆಳಗೆ ನೋಡಿದರು. ಆ ನೋಟ ನನ್ನನ್ನು ಚುಚ್ಚಿತು.

ಗುಂಡಿಯತ್ತ ನಡೆಯುವಾಗ ನನ್ನೊಳಗೆ ಏನೇನಿತ್ತು ಎಂದು ಇವತ್ತಿಗೂ ಬಿಡಿಸಿ ನೋಡುತ್ತೇನೆ. ಕೆಲಸ ಕೆಡಿಸಿದ ನಾಚಿಕೆ ಇತ್ತು. ಅದಕ್ಕಿಂತ ಹೆಚ್ಚಾಗಿ ಅವ್ವನ ಮೇಲೆ ಸಿಟ್ಟಿತ್ತು. ಹನ್ನೆರಡು ವರ್ಷ ಬಾಗಿಲು ಹಾಕಿಕೊಂಡವಳು ಈಗ ಕಳ್ಳಿಯ ಹಾಗೆ ಕೂತು ಕೇಳುತ್ತಾಳಲ್ಲ, ಎದ್ದು ನಡೆದರೆ ಐದು ನಿಮಿಷವಿಲ್ಲ. ಇದು ನಿಂತರೆ ತಡೆಯಲಾರದೆ ಹೋಗಿಯೇ ಹೋಗುತ್ತಾಳೆ ಎಂದು ಎಣಿಸಿದೆ. ನನ್ನ ಬುದ್ಧಿಗೆ ಹೊಳೆದ ದೊಡ್ಡ ಉಪಾಯ ಅದು.

ಜಾಯಿಂಟ್ ಬಿಚ್ಚಿದೆ. ಎರಡು ಬಿಳಿ ತಂತಿಗಳನ್ನು ಅದಲು ಬದಲು ಮಾಡಿದೆ. ಹತ್ತು ನಿಮಿಷದ ಕೆಲಸ. ಈ ಸಲ ಆಶಾನ್ ಕಲಿಸಿದ್ದನ್ನೆಲ್ಲ ತಪ್ಪದೆ ಮಾಡಿದೆ. ಒಂದು ಲೈನಿನಲ್ಲಿ ಒಂದರಿಂದ ಹತ್ತು ಎಣಿಸುತ್ತ ಇನ್ನೊಂದರಲ್ಲಿ ಕಿವಿಯಿಟ್ಟೆ. ಏನೂ ಕೇಳಿಸಲಿಲ್ಲ. ಅಷ್ಟು ಚೊಕ್ಕಟವಾದ ಕೆಲಸ ನಾನು ಅದಕ್ಕೆ ಮುಂಚೆ ಮಾಡಿರಲಿಲ್ಲ.

ಮರುದಿನ ಸಂಜೆ ನಾನು ಬರುವುದನ್ನೇ ಅವ್ವ ಜಗಲಿಯಲ್ಲಿ ಕಾಯುತ್ತಿದ್ದಳು.

"ಫೋನು ಸತ್ತೋಗದೆ, ನೋಡು."

ಎತ್ತಿ ನೋಡಿದೆ. "ಚೆನ್ನಾಗದಲ್ಲವ್ವ. ಟೋನ್ ಬತ್ತದೆ."

"ಟೋನಲ್ಲ." ಅವಳು ರಿಸೀವರನ್ನು ನನ್ನ ಕೈಯಿಂದ ತೆಗೆದು ಇಟ್ಟಳು. "ಮುಂಚೆ ಹೆಂಗಿತ್ತೋ ಹಂಗೆ ಮಾಡ್ಕೊಡು."

"ಮುಂಚೆ ಇದ್ದದ್ದು ಕೆಟ್ಟಿದ್ದು ಅವ್ವ. ಸರಿ ಮಾಡಿದೀನಿ."

"ನೀನಾ ಮಾಡ್ದವನು?"

"ಹೂಂ. ನಾನೇ." ಅಷ್ಟಕ್ಕೆ ನಿಲ್ಲಿಸಿದ್ದರೆ ಸಾಕಿತ್ತು. "ಮಾತು ಬೇಕು ಅಂದ್ರೆ ಅಲ್ಲಿಗೆ ಹೋಗಿ ಮಾತಾಡು. ಕದ್ದು ಯಾಕೆ ಕೇಳಬೇಕು?"

ಅವ್ವನ ಮುಖ ಆಗ ಆದ ರೀತಿಯನ್ನು ನಾನು ಬರೆಯಲಾರೆ. ಅವಳು ಬೈಯಲಿಲ್ಲ. ಸೆರಗನ್ನು ಮುಂದಕ್ಕೆಳೆದುಕೊಂಡು, ನನ್ನನ್ನು ದಾಟಿ ಒಳಗೆ ಹೋದಳು. ಮಾರನೆಯ ದಿನವೂ ಮೂರಕ್ಕೆ ರಿಸೀವರ್ ಎತ್ತಿದಳಂತೆ. ಅದರ ಮಾರನೆಯ ದಿನವೂ. ನಾಲ್ಕನೆಯ ದಿನ ಫೋನಿನ ಮೇಲೆ ಒಂದು ಬಟ್ಟೆ ಹಾಕಿದಳು ಎಂದು ಹೆಂಡತಿ ಹೇಳಿದಳು.

ವಾರ ಕಳೆದು, ಲೈನ್ ಸರಿಯಾಗಿದೆಯೇ ಎಂದು ನೋಡಲು ಚಿಕ್ಕವ್ವನ ಮನೆಗೆ ಹೋದೆ. ಚಿಕ್ಕಪ್ಪ ಇರಲಿಲ್ಲ. ಚಿಕ್ಕವ್ವ ಕಾಫಿ ತಂದಿಟ್ಟು ಎದುರು ಕೂತಳು.

"ಆ ಕೆಮ್ಮು ಈಗ ಕೇಳಲ್ಲ," ಎಂದಳು.

"ಸರಿ ಮಾಡಿದೀನಿ ಚಿಕ್ಕವ್ವ. ಇನ್ನು ಯಾರೂ ಕೇಳಿಸ್ಕೊಳ್ಳಲ್ಲ."

"ನಂಗೆ ಗೊತ್ತಿತ್ತು ಕಣೋ." ಅವಳು ನೆಲ ನೋಡುತ್ತ ಮಾತಾಡಿದಳು. "ಅಕ್ಕನ ಕೆಮ್ಮು ನಂಗೆ ಗೊತ್ತಾಗಲ್ವಾ? ಚಿಕ್ಕಂದಿನಿಂದ ಒಂದೇ ಚಾಪೇಲಿ ಮಲಗ್ದವ್ರು. ಮೊದಲ ದಿನಾನೇ ಗೊತ್ತಾಯ್ತು. ಅದಕ್ಕೇ ಮಗಳಿಗೆ ಬೇಡದ್ದೆಲ್ಲ ಹೇಳ್ತಿದ್ದೆ. ಸಾರಿಗೆ ಏನು ಹಾಕ್ದೆ, ಹಸು ಏನು ಮಾಡ್ತು. ಇವಳು, ಅಮ್ಮಾ ಸಾಕು ಡ್ಯೂಟಿಗೆ ಹೊತ್ತಾಯ್ತು ಅಂತಾಳೆ. ಅವಳು ಇಟ್ಟ ಮೇಲೂ ನಾನು ಹಂಗೇ ಹೇಳ್ತಾನೇ ಇರ್ತಿದ್ದೆ."

ದೂರು ಬರೆಸಿದ್ದು ಚಿಕ್ಕವ್ವನಿಗೆ ಗೊತ್ತಿರಲಿಲ್ಲ. ಮಗಳು ಅಪ್ಪನಿಗೆ ಹೇಳಿದ್ದಳು, ಅಪ್ಪ ಹೋಗಿ ಬರೆಸಿದ್ದ.

"ಅವ್ವ ಯಾವತ್ತಾದ್ರೂ ಏನಾದ್ರೂ ಅಂದ್ಲಾ?" ಎಂದು ಕೇಳಿದೆ.

"ಒಂದು ದಿನ ನಕ್ಕಳು. ಹಸು ಒದ್ದಿದ್ದು ಹೇಳ್ದಾಗ." ಸೆರಗಿನಿಂದ ಮೂಗೊರೆಸಿಕೊಂಡಳು. "ಮತ್ತೆ ಹಂಗೇ ಹಾಕ್ಕೊಡಕ್ಕೆ ಆಯ್ತದಾ? ನಿಂಗೆ ತೊಂದ್ರೆ ಆಯ್ತದೆ ಅಂದ್ರೆ ಬೇಡ."

"ನೋಡ್ತೀನಿ," ಎಂದೆ.

ನೋಡುತ್ತೇನೆ ಎಂದದ್ದು ಸುಳ್ಳಾಗಿರಲಿಲ್ಲ. ಬರೀ ಎರಡು ತಂತಿ. ಆದರೆ ಸರಿಯಿದ್ದದ್ದನ್ನು ಬೇಕೆಂದೇ ಕೆಡಿಸಲು ಕೈ ಏಳಲಿಲ್ಲ. ಎಂಜಿನಿಯರಿನ ಆ ನೋಟ ನೆನಪಾಗುತ್ತಿತ್ತು. ಸೋಮವಾರ ಎಂದುಕೊಂಡೆ. ಸೋಮವಾರ ಕೇಣಿಚಿರದಲ್ಲಿ ಕಂಬ ಬಿದ್ದು ಅತ್ತ ಹೋದೆ. ಅಲ್ಲದೆ ಇಬ್ಬರೂ ಇಷ್ಟು ಮೆದುವಾಗಿದ್ದಾರೆ, ಇನ್ನೆರಡು ವಾರದಲ್ಲಿ ಯಾರಾದರೊಬ್ಬರು ಹೊಸ್ತಿಲು ದಾಟುತ್ತಾರೆ ಎಂಬ ಆಸೆ ನನ್ನನ್ನು ಬಿಡಲಿಲ್ಲ. ಅವ್ವನಿಗೆ, ನಿನ್ನ ತಂಗಿಗೆ ಎಲ್ಲ ಗೊತ್ತಿತ್ತು, ನಿನಗಾಗಿಯೇ ಹೇಳುತ್ತಿದ್ದಳು ಎಂದು ಒಂದು ಮಾತು ಹೇಳಬಹುದಿತ್ತು. ಬಾಯಿಗೆ ಬಂದಾಗಲೆಲ್ಲ ಕದ್ದು ಎಂದು ನಾನು ಆಡಿದ ಮಾತು ಅಡ್ಡ ಬರುತ್ತಿತ್ತು. ಅವಳ ಮುಂದೆ ಆ ವಿಷಯ ಎತ್ತಲು ನನಗೆ ಮುಖವಿರಲಿಲ್ಲ.

ಮೂರು ವಾರದ ಮೇಲೆ ಒಂದು ಬೆಳಿಗ್ಗೆ ಅವ್ವ ಒಲೆಯ ಮುಂದೆ ಕೂತಲ್ಲೇ ಒಂದು ಪಕ್ಕಕ್ಕೆ ವಾಲಿದಳು. ಬಲಗೈ ಬಲಗಾಲು ಬಿದ್ದುಹೋದವು. ಮಾತು ಹೋಯಿತು. ಆಸ್ಪತ್ರೆಯಲ್ಲಿ ಎಂಟು ದಿನ ಇಟ್ಟುಕೊಂಡು, ಜೀವಕ್ಕೆ ಸದ್ಯ ಭಯವಿಲ್ಲ, ಮಾತು ಬಂದರೆ ಬರಬಹುದು ಎಂದು ಹೇಳಿ ಕಳಿಸಿದರು. ಎಲ್ಲ ಅರ್ಥವಾಗುತ್ತಿತ್ತು ಅವಳಿಗೆ. ಹೇಳಲು ಹೋದರೆ ಒಂದೇ ಅಕ್ಷರ ಸಿಕ್ಕಿಕೊಂಡು, ಅದನ್ನೇ ಮತ್ತೆ ಮತ್ತೆ ಹೊರಡಿಸಿ, ದಣಿದು ಕಣ್ಣು ಮುಚ್ಚುತ್ತಿದ್ದಳು.

ಮನೆಗೆ ಕರೆತಂದ ದಿನವೇ ಮಧ್ಯಾಹ್ನ ಚಿಕ್ಕವ್ವ ಬಂದಳು. ಅಂಗಳ ದಾಟಿ, ಜಗಲಿ ದಾಟಿ, ಅವ್ವನ ಕೋಣೆಯ ಬಾಗಿಲಲ್ಲಿ ನಿಂತಳು. ಕೈಯಲ್ಲಿ ಗಂಜಿಯ ತಂಬಿಗೆ. ಅವ್ವ ಗೋಡೆಯ ಕಡೆಯಿಂದ ತಲೆ ತಿರುಗಿಸಿ ನೋಡಿದಳು. ನೋಡುತ್ತಲೇ ಇದ್ದಳು. ಬಾಯಿ ಸೊಟ್ಟಗಾಯಿತು, ಕತ್ತಿನ ನರ ಬಿಗಿಯಿತು. ಬಹಳ ಕಷ್ಟಪಟ್ಟು ಒಂದು ಸದ್ದು ಹೊರಟಿತು.

"ಬ... ಬ..."

ಅಷ್ಟೇ. ಚಿಕ್ಕವ್ವ ಹೊಸ್ತಿಲ ಆಚೆಗೇ ನಿಂತು ನನ್ನ ಮುಖ ನೋಡಿದಳು.

"ಏನಂತಾಳೆ?"

ಬಾ ಎನ್ನಲು ಹೊರಟಿದ್ದಳೋ, ಬೇಡ ಎನ್ನಲು ಹೊರಟಿದ್ದಳೋ. ನಾನು ಅವ್ವನ ಕಣ್ಣು ನೋಡಿದೆ. ಅಲ್ಲಿ ನೀರಿತ್ತು. ನೀರು ಎರಡು ಮಾತಿಗೂ ಬರುತ್ತದೆ.

"ಬಾ ಅಂತಾಳೆ ಚಿಕ್ಕವ್ವ," ಎಂದೆ.

ಚಿಕ್ಕವ್ವ ಒಳಗೆ ಬಂದಳು. ಕಾಲ ಬುಡದಲ್ಲಿ ಕೂತಳು. ಅವ್ವ ಮತ್ತೆ ಗೋಡೆಯ ಕಡೆ ತಿರುಗಿದಳು.

ಮರುದಿನದಿಂದ ಚಿಕ್ಕವ್ವ ಅವ್ವನ ತಲೆಯ ಹಿಂದೆ, ಅವಳಿಗೆ ಕಾಣದ ಹಾಗೆ ಕೂರತೊಡಗಿದಳು. ಅಲ್ಲಿ ಕೂತು ಮೆಲ್ಲಗೆ ಮಾತಾಡುತ್ತಿದ್ದಳು. ಕೆಸುವಿನ ಎಲೆ ಈ ವರ್ಷ ತುರಿಸುವುದು, ಕುಟ್ಟದಿಂದ ಬರುವ ಬಸ್ಸು ನಿಂತದ್ದು, ಮಗಳಿಗೆ ಒಂದು ಗಂಡು ನೋಡಿದ್ದು. ನಡುನಡುವೆ ತಮ್ಮ ತಾಯಿಯ ಮನೆಯ ಹಳೆಯ ಮಾತು. ಅವ್ವ ಕಣ್ಣು ಮುಚ್ಚಿ ಮಲಗಿರುತ್ತಿದ್ದಳು. ಕೇಳುತ್ತಿದ್ದಳೋ, ನಿದ್ದೆಯೋ. ಒಂದು ದಿನ ಎಡಗೈಯನ್ನು ತಲೆಯ ಮೇಲಕ್ಕೆತ್ತಿ ಹಿಂದಕ್ಕೆ ಚಾಚಿದಳು. ಚಿಕ್ಕವ್ವ ಆ ಕೈ ಹಿಡಿದುಕೊಂಡಳು. ದಿಂಬು ಸರಿಮಾಡಿಕೊಳ್ಳಲು ಕೈ ಎತ್ತಿದ್ದಿರಬಹುದು ಎಂದು ಹೆಂಡತಿ ಆಮೇಲೆ ಹೇಳಿದಳು. ನನಗೆ ಗೊತ್ತಿಲ್ಲ. ಅವ್ವ ಕೈಯನ್ನು ಬಿಡಿಸಿಕೊಳ್ಳಲಿಲ್ಲ, ಅಷ್ಟು ಮಾತ್ರ ನಾನೇ ಕಂಡೆ.

ಹತ್ತೊಂಬತ್ತನೆಯ ದಿನ ಮತ್ತೊಂದು ಹೊಡೆತಕ್ಕೆ ಅವ್ವ ಹೋದಳು. ಮೈ ತೊಳೆದು ಸೀರೆ ಉಡಿಸಿದ್ದು ಚಿಕ್ಕವ್ವ. ಬೇರೆ ಯಾರನ್ನೂ ಮುಟ್ಟಗೊಡಲಿಲ್ಲ.

ಹನ್ನೊಂದನೆಯ ದಿನದ ಕಾರ್ಯ ಮುಗಿದು ನೆಂಟರೆಲ್ಲ ಬಸ್ಸಿಗೆ ಹೊರಟ ಮೇಲೆ ಚಿಕ್ಕವ್ವ ಹಿತ್ತಲಲ್ಲಿ ಪಾತ್ರೆ ಬೆಳಗುತ್ತಿದ್ದಳು. ನಾನು ನೀರು ಹೊಯ್ದುಕೊಡುತ್ತಿದ್ದೆ. ಕೈ ನಿಲ್ಲಿಸದೆಯೇ ಕೇಳಿದಳು.

"ನಿಜ ಹೇಳು. ಅವತ್ತು ಅವಳು ಬಾ ಅಂದ್ಲಾ?"

"ಬಾ ಅಂತಲೇ ಅಂದ್ಲು."

ಅವಳು ತಲೆಯಾಡಿಸಿದಳು. ನಂಬಿದಳೋ ಇಲ್ಲವೋ. ಇನ್ನೊಂದು ಪಾತ್ರೆ ಎತ್ತಿಕೊಂಡಳು. ಆಮೇಲೆ ಹೇಳಿದಳು.

"ಪಾಪು ನನ್ನ ಕರೀತು ಕಣಪ್ಪ. ಅವತ್ತು. ಎರಡು ಸತಿ ಚಿಕ್ಕವ್ವಾ ಅಂತು. ನಾನು, ಇರು ಬಂದೆ, ಮೆಣಸು ನೆನೀತದೆ ಅಂದೆ. ಆಟಕ್ಕೆ ಕರೀತದೆ ಅಂದ್ಕೊಂಡೆ. ಮೂರನೇ ಸತಿ ಕರೀಲಿಲ್ಲ."

ನನ್ನ ಕೈಯಲ್ಲಿದ್ದ ಚೊಂಬು ಹಾಗೇ ನಿಂತಿತು.

"ಯಾರಿಗೂ ಹೇಳಿಲ್ಲ. ನಿಮ್ಮ ಚಿಕ್ಕಪ್ಪನಿಗೂ ಇಲ್ಲ. ಅವಳಿಗೆ ಹೇಳ್ಬೇಕು ಅಂತ ಬಾಗಿಲಿಗೆ ಬತ್ತಿದ್ದೆ. ತೆಗೀಲಿಲ್ಲ. ಆಮೇಲೆ ಫೋನಲ್ಲಿ ಅವಳು ಕೇಳ್ತಾಳೆ ಅಂತ ಗೊತ್ತಾದ ಮೇಲೆ ದಿನಾ ಬಾಯಿ ವರೆಗೂ ಬರೋದು. ಅಡುಗೆ ಮಾತಾಡಿ ಆಡಿ ಅಭ್ಯಾಸ ಮಾಡ್ಕೊಂಡು ಒಂದು ದಿನ ಹೇಳ್ಬಿಡ್ತೀನಿ ಅಂತಿದ್ದೆ. ಅಷ್ಟರಲ್ಲಿ ನಿಂತೋಯ್ತು."

"ಮಲಗಿದ್ದಾಗ ಹೇಳ್ಲಿಲ್ವಾ?"

"ತಿರುಗಿ ಬೈಯಾಕೂ ಬಾಯಿಲ್ದವಳಿಗೆ ಹೆಂಗೆ ಹೇಳ್ಲಿ?"

ಬಿಡು ಚಿಕ್ಕವ್ವ ಎಂದೆ. ಅವಳು ಪಾತ್ರೆಗಳನ್ನು ಬೋರಲು ಹಾಕಿ, ಕೈ ತೊಳೆದು, ಒಬ್ಬಳೇ ತಿರುವಿನ ಕಡೆ ನಡೆದುಹೋದಳು. ಮನೆಯವರೆಗೆ ಜೊತೆಗೆ ಹೋಗಬೇಕಿತ್ತು ಎಂದು ನನಗೆ ಹೊಳೆಯುವಷ್ಟರಲ್ಲಿ ಅವಳು ಕಾಣಿಸುತ್ತಿರಲಿಲ್ಲ.

ಇದೆಲ್ಲ ಆಗಿ ಬಹಳ ವರ್ಷಗಳಾದವು. ಈಗ ನಾನು ಗಾಜಿನ ಎಳೆ ಜೋಡಿಸುತ್ತೇನೆ. ತಾಮ್ರದ ಕೇಬಲ್ ಹೆಚ್ಚುಕಡಿಮೆ ಎಲ್ಲ ಸತ್ತಿದೆ, ಕೆಲವು ಕಡೆ ಕಿತ್ತೇ ಹಾಕಿದ್ದಾರೆ. ಫೈಬರ್ ಬಂದ ಹೊಸದರಲ್ಲಿ ನಮ್ಮನ್ನೆಲ್ಲ ತರಬೇತಿಗೆ ಕರೆದಿದ್ದರು. ಇದರಲ್ಲಿ ಹೋಗುವುದು ಬೆಳಕು, ಒಂದು ಎಳೆಯ ಬೆಳಕು ಪಕ್ಕದ ಎಳೆಗೆ ಹಾಯುವುದಿಲ್ಲ ಎಂದು ಪಾಠ ಹೇಳಿದರು. ಒಂದೇ ಎಳೆಯಲ್ಲಿ ಬೇರೆ ಬೇರೆ ಬಣ್ಣದ ಬೆಳಕು ಕಳಿಸುವಾಗ ಮಾತ್ರ ಒಂದರ ಜಾಗಕ್ಕೆ ಇನ್ನೊಂದು ಕಾಲಿಡದಂತೆ ನೋಡಿಕೊಳ್ಳಬೇಕು, ಅದಕ್ಕೂ ಸೋಸುವ ಗಾಜುಗಳಿವೆ ಎಂದರು. ಪಕ್ಕದಲ್ಲಿ ಕೂತಿದ್ದ ಗೆಳೆಯ, "ಇನ್ನು ಕ್ರಾಸ್ ಟಾಕಿನ ಕಾಟವಿಲ್ಲ," ಎಂದು ನನ್ನ ತೊಡೆ ತಟ್ಟಿದ. ನಾನು ಎದ್ದು ಹೊರಗೆ ಹೋಗಿ ನಲ್ಲಿಯ ಕೆಳಗೆ ಮುಖ ಹಿಡಿದೆ.

ಕೆಲಸ ಚೆನ್ನಾಗಿಯೇ ಮಾಡುತ್ತೇನೆ. ನನ್ನ ಜಾಯಿಂಟಿನ ಮೇಲೆ ದೂರು ಬರುವುದು ಅಪರೂಪ. ಆದರೆ ಚಿಕ್ಕವ್ವ ಹಿತ್ತಲಲ್ಲಿ ಹೇಳಿದ ಆ ಮಾತನ್ನು ಹೆಂಡತಿಗೂ ಹೇಳಿರಲಿಲ್ಲ, ಮೊದಲ ಸಲ ಇಲ್ಲಿ ಬರೆಯುತ್ತಿದ್ದೇನೆ. ಅವ್ವ ಅದನ್ನು ಕೇಳಿದ್ದರೆ ಏನು ಮಾಡುತ್ತಿದ್ದಳು? ಇನ್ನಷ್ಟು ಬಿಗಿಯಾಗಿ ಬಾಗಿಲು ಹಾಕಿಕೊಳ್ಳುತ್ತಿದ್ದಳೋ ಏನೋ. ಅಥವಾ ರಿಸೀವರನ್ನು ಅಲ್ಲೇ ಬಿಟ್ಟು ರಸ್ತೆಗೆ ಓಡುತ್ತಿದ್ದಳೋ. ಕೇಳುವ ಹಕ್ಕು ಅವಳದು, ಹೇಳುವ ಹಕ್ಕು ಚಿಕ್ಕವ್ವನದು, ಎರಡರ ನಡುವೆ ಕೈ ಹಾಕಿದವನು ನಾನು.

ಚಿಕ್ಕಪ್ಪ ತೀರಿಕೊಂಡ ಮೇಲೆ, ಕಳೆದ ವರ್ಷ, ಮಗಳು ಬಂದು ಚಿಕ್ಕವ್ವನನ್ನು ಕಲ್ಲಿಕೋಟೆಗೆ ಕರೆದುಕೊಂಡು ಹೋದಳು. ಹೊರಡುವ ದಿನ ನಾನೇ ಸಾಮಾನು ಜೀಪಿಗೇರಿಸಿ ಮುಂದೆ ಚಾಲಕನ ಪಕ್ಕ ಕೂತೆ. ಬಸ್ ಸ್ಟ್ಯಾಂಡಿನವರೆಗೆ ಬಿಟ್ಟು ಬರಲು. ತಿರುವು ದಾಟಿ ನಮ್ಮ ಮನೆಯ ಮುಂದೆ ಬಂದಾಗ ಚಿಕ್ಕವ್ವ ಹಿಂದಿನಿಂದ, "ಒಂದು ಗಳಿಗೆ ನಿಲ್ಸಪ್ಪ," ಎಂದಳು.

ಜೀಪು ನಿಂತಿತು. ಇಳಿಯುತ್ತಾಳೆ ಎಂದುಕೊಂಡು ನಾನು ಬಾಗಿಲು ತೆಗೆಯಲು ಹೋದೆ. ಅವಳು ಇಳಿಯಲಿಲ್ಲ. ಸೀಟಿನ ಕಂಬಿ ಹಿಡಿದುಕೊಂಡು ನಮ್ಮ ಜಗಲಿಯನ್ನೇ ನೋಡುತ್ತ ಕೂತಳು. ಒಳಗಿನಿಂದ ನನ್ನ ಹೆಂಡತಿ ಬಂದು, "ಬನ್ನಿ ಚಿಕ್ಕತ್ತೆ, ಒಂದು ಲೋಟ ಕಾಫಿ," ಎಂದಳು. ಮಗಳು ಗಡಿಯಾರ ನೋಡಿಕೊಂಡಳು.

"ಬ್ಯಾಡ ಕಣವ್ವ, ಬಸ್ಸಿಗೆ ಹೊತ್ತಾಯ್ತು," ಎಂದಳು ಚಿಕ್ಕವ್ವ. ಆಮೇಲೆ ಚಾಲಕನಿಗೆ ಮಲಯಾಳದಲ್ಲಿ, ಹೋಗೋಣ ಎಂದಳು.